ಹೊಟ್ಟೆಯನ್ನು ಹೊರಗಿಟ್ಟು ಬದುಕುವ ಜೀವಿ: ಬೂಸ್ಟಿನ ಕಥೆ

ಒಂದು ತುಂಡು ಬ್ರೆಡ್ಡಿಗೆ ನಾಲ್ಕು ಹನಿ ನೀರು ಚಿಮುಕಿಸಿ ಗಾಜಿನ ಜಾಡಿಯೊಳಗಿಡಿ. ಮುಚ್ಚಳ ಹಾಕಿ, ಬಿಸಿಲು ತಾಗದ ಕಡೆ ಇಟ್ಟು, ದಿನಕ್ಕೊಮ್ಮೆ ಭೂತಗನ್ನಡಿ ಹಿಡಿದು ನೋಡಿ. ಮೊದಲೆರಡು ದಿನ ಏನೂ ಕಾಣುವುದಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಒಂದು ಮೂಲೆಯಲ್ಲಿ ಹಿಂಜಿದ ಹತ್ತಿಯಂಥ ಬಿಳಿ ನವಿರು ಏಳುತ್ತದೆ. ಮರುದಿನ ಆ ಹತ್ತಿಯ ತುದಿಗಳಲ್ಲಿ ಗುಂಡುಸೂಜಿಯ ತಲೆಯಂಥ, ಆದರೆ ಅದಕ್ಕಿಂತ ಎಷ್ಟೋ ಚಿಕ್ಕದಾದ ಕಪ್ಪು ಗುಂಡುಗಳು. ಇನ್ನೊಂದು ಬದಿಯಲ್ಲಿ ಹಸಿರು-ನೀಲಿ ಪುಡಿಯ ವೃತ್ತ, ಅದರ ಸುತ್ತ ತೆಳ್ಳನೆಯ ಬಿಳಿ ಅಂಚು.

ಬೂಸ್ಟು ಬಂತು ಎಂದು ನಾವು ಹೇಳುವುದು ಈ ಹಂತದಲ್ಲಿ. ನಿಜಕ್ಕೂ ಬೂಸ್ಟು ಬಂದು ಎರಡು-ಮೂರು ದಿನಗಳೇ ಆಗಿವೆ. ಏನೂ ಕಾಣದ ಆ ದಿನಗಳಲ್ಲೇ ಅದು ಬ್ರೆಡ್ಡಿನ ಒಳಗೆ ಕಣ್ಣಿಗೆ ಕಾಣದ ಎಳೆಗಳನ್ನು ಹರಡಿ, ಉಂಡು, ಬೆಳೆದು ಆಗಿದೆ. ಮೇಲೆ ಕಾಣುವ ಬಣ್ಣ ಅದು ಮಕ್ಕಳನ್ನು ಹೊರಗೆ ಕಳಿಸಲು ಸಿದ್ಧವಾಗಿರುವುದರ ಗುರುತು.

ಈ ಜೀವಿಯ ಬಗ್ಗೆ ಒಂದೇ ಒಂದು ಸಂಗತಿಯನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ. ನಾವು ಆಹಾರವನ್ನು ಒಳಗೆ ಹಾಕಿಕೊಂಡು ಜೀರ್ಣಿಸುತ್ತೇವೆ. ಬೂಸ್ಟು ಮೊದಲು ಜೀರ್ಣಿಸಿ ಆಮೇಲೆ ಒಳಗೆ ಹಾಕಿಕೊಳ್ಳುತ್ತದೆ. ಅದರ ಜಠರ ಮೈಯ ಹೊರಗಿದೆ. ಪೆನಿಸಿಲಿನ್, ಚೀಸ್‌ನ ಪರಿಮಳ, ಸೋಯಾ ಸಾಸ್‌ನ ರುಚಿ, ಯಕೃತ್ತಿಗೆ ಕ್ಯಾನ್ಸರ್ ತರುವ ವಿಷ, ಇವೆಲ್ಲವೂ ಬಂದಿರುವುದು ಈ ಒಂದು ವಿಚಿತ್ರ ಏರ್ಪಾಡಿನಿಂದ.

ಗಿಡವಲ್ಲ, ಪ್ರಾಣಿಯೂ ಅಲ್ಲ

ಬೂಸ್ಟುಗಳು ಶಿಲೀಂಧ್ರಗಳ ಗುಂಪಿಗೆ ಸೇರಿದವು. ಅಣಬೆ, ಯೀಸ್ಟ್ ಕೂಡ ಅದೇ ಗುಂಪಿನವು. ಆದರೆ ಬೂಸ್ಟು ಎನ್ನುವುದು ಒಂದು ವಂಶದ ಹೆಸರಲ್ಲ, ಬದುಕುವ ರೀತಿಯ ಹೆಸರು. ಅಣಬೆಯಂಥ ದೊಡ್ಡ ಕಾಯ ಕಟ್ಟದೆ ಎಳೆಎಳೆಯಾಗಿ ಹಬ್ಬುವ ಶಿಲೀಂಧ್ರಗಳನ್ನೆಲ್ಲ ನಾವು ಹಾಗೆ ಕರೆಯುತ್ತೇವೆ. ಜಾಡಿಯ ಒಂದು ಮೂಲೆಯಲ್ಲಿ ಕಂಡ ಕಪ್ಪು ಗುಂಡುಗಳ ರೈಜೋಪಸ್‌ಗೂ ಇನ್ನೊಂದು ಬದಿಯ ಹಸಿರು-ನೀಲಿ ಪೆನಿಸಿಲಿಯಂಗೂ ವಂಶಾವಳಿಯಲ್ಲಿ ಬಹಳ ದೂರ.

ಹಳೆಯ ಪಠ್ಯಪುಸ್ತಕಗಳು ಶಿಲೀಂಧ್ರಗಳನ್ನು ಸಸ್ಯಗಳ ಜೊತೆ ಸೇರಿಸುತ್ತಿದ್ದವು. ನಿಂತಲ್ಲೇ ಬೆಳೆಯುತ್ತವೆ ಎಂಬುದನ್ನು ಬಿಟ್ಟರೆ ಅದಕ್ಕೆ ಆಧಾರ ಕಡಿಮೆ. ಅವುಗಳಲ್ಲಿ ಪತ್ರಹರಿತ್ತಿಲ್ಲ. ಕೋಶದ ಗೋಡೆ ಸೆಲ್ಯುಲೋಸ್‌ನದ್ದಲ್ಲ; ಏಡಿಯ ಚಿಪ್ಪು, ಜೀರುಂಡೆಯ ರೆಕ್ಕೆಯಲ್ಲಿರುವ ಕೈಟಿನ್‌ನಿಂದ ಕಟ್ಟಿದ್ದು. ಕೂಡಿಡುವುದು ಗಿಡದಂತೆ ಪಿಷ್ಟವನ್ನಲ್ಲ, ನಮ್ಮ ಯಕೃತ್ತಿನಂತೆ ಗ್ಲೈಕೋಜನ್ ಅನ್ನು. ವಂಶವಾಹಿಗಳನ್ನು ಹೋಲಿಸಿದಾಗ ವಿಷಯ ಇನ್ನಷ್ಟು ಸ್ಪಷ್ಟವಾಯಿತು: ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ನೆಂಟರು. ಈ ನೆಂಟಸ್ತಿಕೆ ಮುಂದೆ ಆಸ್ಪತ್ರೆಯಲ್ಲಿ ನಮಗೆ ತೊಂದರೆ ಕೊಡುತ್ತದೆ. ಅದನ್ನು ಆಮೇಲೆ ನೋಡೋಣ.

ಎಳೆಯ ತುದಿಯಲ್ಲಿ ನಡೆಯುವುದು

ಬೂಸ್ಟಿನ ಮೈ ಎಂದರೆ ಎಳೆಗಳ ಜಾಲ. ಒಂದೊಂದು ಎಳೆಗೆ ಹೈಫಾ ಎಂದು ಹೆಸರು, ಇಡೀ ಜಾಲಕ್ಕೆ ಮೈಸೀಲಿಯಂ. ಎಳೆಯ ದಪ್ಪ ಸಾಮಾನ್ಯವಾಗಿ 2ರಿಂದ 10 ಮೈಕ್ರೋಮೀಟರ್. ಮಿಲಿಮೀಟರ್ ಒಂದನ್ನು ಸಾವಿರ ಪಾಲು ಮಾಡಿದರೆ ಸಿಗುವುದು ಒಂದು ಮೈಕ್ರೋಮೀಟರ್. ನಮ್ಮ ತಲೆಗೂದಲು ಇದಕ್ಕಿಂತ ಹತ್ತಾರು ಪಟ್ಟು ದಪ್ಪ.

ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ. ಹಿಂದಿನ ಭಾಗದ ಗೋಡೆ ಗಟ್ಟಿಯಾಗಿದ್ದರೆ ತುದಿಯ ಗೋಡೆ ಇನ್ನೂ ಮೆತ್ತಗಿರುತ್ತದೆ. ಒಳಗಿನ ನೀರಿನ ಒತ್ತಡ ಆ ಮೆತ್ತನೆಯ ತುದಿಯನ್ನು ಮುಂದಕ್ಕೆ ತಳ್ಳುತ್ತದೆ. ಹಿಂದಿನಿಂದ ಸಣ್ಣ ಸಣ್ಣ ಚೀಲಗಳು ಸಾಲುಗಟ್ಟಿ ತುದಿಗೆ ಬರುತ್ತವೆ. ಕೆಲವು ಹೊಸ ಗೋಡೆ ಕಟ್ಟುವ ಸಾಮಗ್ರಿ ತರುತ್ತವೆ, ಕೆಲವು ಕಿಣ್ವಗಳನ್ನು ತಂದು ಹೊರಗೆ ಸುರಿಯುತ್ತವೆ. ನ್ಯೂರೋಸ್ಪೋರಾ ಎಂಬ ಕಿತ್ತಳೆ ಬಣ್ಣದ ಬೂಸ್ಟಿನ ಎಳೆ ಅನುಕೂಲ ಸಿಕ್ಕರೆ ಗಂಟೆಗೆ ಕೆಲವು ಮಿಲಿಮೀಟರ್ ಓಡುತ್ತದೆ. ಅಷ್ಟು ಸಣ್ಣ ಜೀವಿಗೆ ಅದು ನಾಗಾಲೋಟವೇ ಸರಿ.

ಹೊರಗೆ ಸುರಿದ ಕಿಣ್ವಗಳು ಬ್ರೆಡ್ಡಿನ ಪಿಷ್ಟವನ್ನು ಸಕ್ಕರೆಯಾಗಿ, ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಕತ್ತರಿಸುತ್ತವೆ. ಹೀಗೆ ಕರಗಿದ ರಸವನ್ನು ಎಳೆ ತನ್ನ ಮೈಯಿಂದಲೇ ಹೀರಿಕೊಳ್ಳುತ್ತದೆ. ಬಾಯಿ ಬೇಡ, ಕರುಳು ಬೇಡ. ಆಹಾರದ ಒಳಗೇ ವಾಸ, ಸುತ್ತಲೂ ಅಡುಗೆ.

ಆದರೆ ಬಯಲಲ್ಲಿ ಅಡುಗೆ ಮಾಡುವವನ ಕಷ್ಟವನ್ನೂ ಯೋಚಿಸಬೇಕು. ಕರಗಿಸಿಟ್ಟ ಸಕ್ಕರೆ ಅಲ್ಲೇ ಬಿದ್ದಿದೆ. ಪಕ್ಕದಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಕಿಣ್ವ ತಯಾರಿಸುವ ಖರ್ಚೇ ಇಲ್ಲ, ಬಂದು ಉಂಡರಾಯಿತು. ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲ ಅವುಗಳ ಮುಂದೆ ಬೂಸ್ಟು ನಿಧಾನಿ. ಹಾಗಾಗಿ ತಟ್ಟೆಯನ್ನು ಕಾಯುವ ಉಪಾಯ ಅದಕ್ಕೆ ಬೇಕಾಯಿತು. ಕೆಲವು ಬೂಸ್ಟುಗಳು ಸುತ್ತಲನ್ನು ಹುಳಿ ಮಾಡಿಬಿಡುತ್ತವೆ. ಆ ಹುಳಿಯನ್ನು ತಾವು ತಾಳಬಲ್ಲವು, ಬಹಳಷ್ಟು ಬ್ಯಾಕ್ಟೀರಿಯಾಗಳು ತಾಳಲಾರವು. ಇನ್ನು ಕೆಲವು ವಿಷ ಸುರಿಸುತ್ತವೆ. ಆ ವಿಷಗಳಲ್ಲಿ ಕೆಲವನ್ನು ನಾವು ಔಷಧ ಎಂದು ಕರೆಯುತ್ತೇವೆ.

ಗಾಳಿಗೆ ಬಿಟ್ಟ ಮಕ್ಕಳು

ಎಳೆಗಳು ಮೇಲ್ಮೈಗೆ ಬಂದು ಗಾಳಿ ತಾಗಿದಾಗ ಬೀಜಕಗಳು, ಅಂದರೆ ಮೊಳೆತು ಹೊಸ ಬೂಸ್ಟಾಗುವ ಸೂಕ್ಷ್ಮ ಕಣಗಳು, ತಯಾರಾಗುತ್ತವೆ. ಪೆನಿಸಿಲಿಯಂನ ಬೀಜಕಗಳು ಪುಟ್ಟ ಕುಂಚದ ಕೂದಲಿನಂತೆ ಸರಪಳಿಯಾಗಿ ನಿಲ್ಲುತ್ತವೆ. ಹೆಸರು ಬಂದದ್ದೂ ಲ್ಯಾಟಿನ್‌ನ ಕುಂಚ ಎಂಬ ಪದದಿಂದಲೇ. ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಸ್ಟಿಗೆ ಆ ಹೆಸರಿಟ್ಟದ್ದು 1729ರಲ್ಲಿ, ಇಟಲಿಯ ಪಾದ್ರಿ ಮತ್ತು ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೋ ಮಿಕೇಲಿ. ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರ ಅವನಿಗೆ ಚರ್ಚಿನಲ್ಲಿ ಪವಿತ್ರಜಲ ಚಿಮುಕಿಸುವ ಸಾಧನವನ್ನು ನೆನಪಿಸಿತ್ತು. ಬೂಸ್ಟು ಕೊಳೆತದ್ದರಿಂದ ತಾನಾಗಿ ಹುಟ್ಟುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವನು ಬೀಜಕಗಳನ್ನು ಹಣ್ಣಿನ ಹೋಳಿನ ಮೇಲಿಟ್ಟು, ಯಾವ ಬೀಜಕ ಇಟ್ಟರೆ ಅದೇ ಬೂಸ್ಟು ಬೆಳೆಯುತ್ತದೆ ಎಂದು ತೋರಿಸಿದ. ಅವನ ಮಾತನ್ನು ಜಗತ್ತು ಒಪ್ಪಲು ಬಹಳ ಕಾಲ ಹಿಡಿಯಿತು.

ಪೆನಿಸಿಲಿಯಂನ ಬೀಜಕ ಸುಮಾರು 3 ಮೈಕ್ರೋಮೀಟರ್. ಸಾವಿರ ಬೀಜಕಗಳನ್ನು ಸಾಲಾಗಿ ಜೋಡಿಸಿದರೂ ಅಕ್ಕಿಕಾಳಿನ ಅರ್ಧದಷ್ಟು ಉದ್ದ. ಹಸಿರು, ಕಪ್ಪು, ಹಳದಿ ಬಣ್ಣಗಳೆಲ್ಲ ಬೀಜಕಗಳವು. ಸೂರ್ಯನ ನೇರಳಾತೀತ ಕಿರಣದಿಂದ ಕಾಪಾಡುವ ಹೊದಿಕೆ ಅದು. ಜಾಡಿಯಲ್ಲಿ ಹಸಿರು ವೃತ್ತದ ಸುತ್ತ ಬಿಳಿ ಅಂಚು ಏಕಿತ್ತು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅಂಚಿನಲ್ಲಿರುವುದು ನಿನ್ನೆ ಮೊನ್ನೆ ಹರಡಿದ ಎಳೆಗಳು, ಅವಕ್ಕಿನ್ನೂ ಬೀಜಕ ಬಂದಿಲ್ಲ. ನಡುವಿನದು ಹಳೆಯದು.

ಎಲ್ಲರೂ ಗಾಳಿಯನ್ನೇ ನಂಬಿ ಕೂರುವುದಿಲ್ಲ. ಸಗಣಿಯ ಮೇಲೆ ಬೆಳೆಯುವ ಪೈಲೋಬೋಲಸ್ ನೀರಿನ ಒತ್ತಡ ಕೂಡಿಟ್ಟುಕೊಂಡು, ಬೆಳಕಿನ ಕಡೆ ತಿರುಗಿ, ಬೀಜಕದ ಗಂಟನ್ನು 2 ಮೀಟರ್ ದೂರಕ್ಕೆ ಸಿಡಿಸುತ್ತದೆ. ಅದರ ಎತ್ತರ ಒಂದೆರಡು ಸೆಂಟಿಮೀಟರ್ ಅಷ್ಟೆ. ದನ ಸಗಣಿಯ ಪಕ್ಕದ ಹುಲ್ಲನ್ನು ಮೇಯುವುದಿಲ್ಲ, ದೂರದ ಹುಲ್ಲಿಗೆ ಅಂಟಿಕೊಂಡರೆ ಮಾತ್ರ ಮತ್ತೆ ಅದರ ಹೊಟ್ಟೆ ಸೇರಬಹುದು. ಅದಕ್ಕೇ ಈ ಸಿಡಿತ.

ಬೀಜಕ ಎಲ್ಲೆಲ್ಲೂ ಇದೆ. ನೀವು ಈಗ ಎಳೆದುಕೊಂಡ ಉಸಿರಿನಲ್ಲೂ ಇದ್ದಿರಬಹುದು. ಬೂಸ್ಟು ಬರುವುದೋ ಇಲ್ಲವೋ ಎಂದು ತೀರ್ಮಾನಿಸುವುದು ನೀರು. ಒಣಗಿಸುವುದು, ಉಪ್ಪು ಹಾಕುವುದು, ಸಕ್ಕರೆ ಪಾಕದಲ್ಲಿಡುವುದು, ಇವೆಲ್ಲ ಆಹಾರದಲ್ಲಿರುವ ನೀರು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುವ ಉಪಾಯಗಳು. ಇದರಲ್ಲಿ ಬ್ಯಾಕ್ಟೀರಿಯಾಗಳು ಬೇಗ ಸೋಲುತ್ತವೆ, ಬೂಸ್ಟುಗಳು ತಡವಾಗಿ. ಜಾಮ್ ಬಾಟಲಿಯಲ್ಲಿ, ಒಣಗಿದ ನಿಂಬೆಹಣ್ಣಿನ ಮೇಲೆ ಬೂಸ್ಟೇ ಕಾಣುವುದು ಇದರಿಂದ. ಫ್ರಿಜ್‌ನ ತಂಪು ಅವುಗಳನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಒಂದು ತಟ್ಟೆ, ಎಂಟು ಇಲಿಗಳು, ಒಂದು ಕರ್ಬೂಜ

1928ರ ಸೆಪ್ಟೆಂಬರ್. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ತಾನು ಬಿಟ್ಟುಹೋಗಿದ್ದ ತಟ್ಟೆಗಳನ್ನು ನೋಡುತ್ತಿದ್ದ. ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ತಟ್ಟೆಯ ಅಂಚಿನಲ್ಲಿ ಬೂಸ್ಟು. ಅದರ ಸುತ್ತಲಿನ ಬ್ಯಾಕ್ಟೀರಿಯಾಗಳು ಕರಗಿಹೋಗಿದ್ದವು. ದೂರದವು ಎಂದಿನಂತೆ ದಪ್ಪಗೆ ಬೆಳೆದಿದ್ದವು. ಬೂಸ್ಟಿನಿಂದ ಏನೋ ಹೊರಗೆ ಹರಿದಿದೆ ಎಂದು ಅವನು ಅರಿತ. 1929ರಲ್ಲಿ ಅದನ್ನು ಪ್ರಕಟಿಸಿ ಪೆನಿಸಿಲಿನ್ ಎಂದು ಹೆಸರಿಟ್ಟ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ, ಏಕೆಂದರೆ ಔಷಧ ಹುಟ್ಟಿದ್ದು ಮುಂದಿನ ಭಾಗದಲ್ಲಿ. ಫ್ಲೆಮಿಂಗ್‌ಗೆ ಆ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಆಗಲಿಲ್ಲ. ಹತ್ತು ವರ್ಷದ ನಂತರ ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಆ ಕೆಲಸ ಕೈಗೆತ್ತಿಕೊಂಡರು. ರಸವನ್ನು ಹುಳಿ ಮಾಡಿ, ಪೆನಿಸಿಲಿನ್ನನ್ನು ಈಥರ್‌ಗೆ ಎಳೆದುಕೊಂಡು, ಅಲ್ಲಿಂದ ಮತ್ತೆ ನೀರಿಗೆ ಇಳಿಸುವ ಉಪಾಯ ಹೀಟ್ಲಿಯದು. 1940ರ ಮೇ 25ರಂದು ಎಂಟು ಇಲಿಗಳಿಗೆ ಕೊಲ್ಲುವಷ್ಟು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು, ನಾಲ್ಕಕ್ಕೆ ಕೊಡಲಿಲ್ಲ. ಹೀಟ್ಲಿ ರಾತ್ರಿಯಿಡೀ ಕಾದು ಕುಳಿತ. ಬೆಳಗಾಗುವ ಮೊದಲೇ ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕಿದ ನಾಲ್ಕೂ ಬದುಕಿದ್ದವು.

1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಔಷಧ ಕೊಟ್ಟರು. ಸೋಂಕು ಮುಖ, ಕಣ್ಣು, ಶ್ವಾಸಕೋಶಕ್ಕೆಲ್ಲ ಹರಡಿತ್ತು. ಕೆಲವೇ ದಿನಗಳಲ್ಲಿ ಜ್ವರ ಇಳಿದು, ಹಸಿವೆ ಮರಳಿತು. ಆದರೆ ದಾಸ್ತಾನು ಮುಗಿಯುತ್ತ ಬಂತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಮರಳಿ ತೆಗೆದು ಮತ್ತೆ ಅವನಿಗೇ ಕೊಟ್ಟರು. ಅದೂ ಸಾಲಲಿಲ್ಲ. ಸೋಂಕು ತಿರುಗಿ ಏರಿ ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಔಷಧ ಸೋತಿರಲಿಲ್ಲ, ಬೂಸ್ಟು ಕೊಡುತ್ತಿದ್ದ ಪ್ರಮಾಣ ಸಾಲದಾಗಿತ್ತು. ಓದಿದಾಗಲೆಲ್ಲ ಮನಸ್ಸು ಭಾರವಾಗುವ ಪುಟ ಇದು.

ಆಮೇಲೆ ಅಮೆರಿಕದ ಪಿಯೋರಿಯಾ ನಗರದ ಪ್ರಯೋಗಾಲಯದಲ್ಲಿ ಮೆಕ್ಕೆಜೋಳದಿಂದ ಪಿಷ್ಟ ತೆಗೆದ ಮೇಲೆ ಉಳಿಯುವ ನೀರನ್ನು ಬೂಸ್ಟಿಗೆ ಉಣಿಸಿದಾಗ ಇಳುವರಿ ಏರಿತು. ಹೆಚ್ಚು ಕೊಡುವ ತಳಿಗಾಗಿ ಹುಡುಕಾಟ ನಡೆಯಿತು. 1943ರಲ್ಲಿ ಅದೇ ಊರಿನಲ್ಲಿ ಸಿಕ್ಕ ಒಂದು ಬೂಸ್ಟು ಹಿಡಿದ ಕರ್ಬೂಜ ಹಣ್ಣಿನಲ್ಲಿ ಅದು ಸಿಕ್ಕಿತು. ಕ್ಷಕಿರಣ, ನೇರಳಾತೀತ ಕಿರಣ ಹಾಯಿಸಿ ಅದರಿಂದ ಇನ್ನೂ ಉತ್ತಮ ತಳಿಗಳನ್ನು ಪಡೆದರು. ಇಂದು ಕಾರ್ಖಾನೆಗಳಲ್ಲಿ ಪೆನಿಸಿಲಿನ್ ಕೊಡುವ ತಳಿಗಳು ಆ ಕರ್ಬೂಜದ ಬೂಸ್ಟಿನ ಸಂತತಿ. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂತು. ಹೀಟ್ಲಿಗೆ ಬರಲಿಲ್ಲ.

ಪೆನಿಸಿಲಿನ್ ಕೊಲ್ಲುವ ಬಗೆಯೂ ಸೊಗಸಾಗಿದೆ. ಬ್ಯಾಕ್ಟೀರಿಯಾದ ಸುತ್ತ ಬಲೆಯಂಥ ಗೋಡೆಯಿದೆ. ಬೆಳೆಯುವಾಗ ಆ ಬಲೆಯನ್ನು ಬಿಚ್ಚಿ, ಹಿಗ್ಗಿಸಿ, ಮತ್ತೆ ಗಂಟು ಹಾಕುತ್ತಿರಬೇಕು. ಗಂಟು ಹಾಕುವ ಕಿಣ್ವಕ್ಕೆ ಪೆನಿಸಿಲಿನ್ ಹೋಗಿ ಕಚ್ಚಿಕೊಂಡು ಬಿಡುವುದೇ ಇಲ್ಲ. ಬಿಚ್ಚುವ ಕೆಲಸ ಸಾಗುತ್ತದೆ, ಗಂಟು ಬೀಳುವುದಿಲ್ಲ. ಒಳಗಿನ ಒತ್ತಡಕ್ಕೆ ಗೋಡೆ ಹರಿದು ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲ, ಹಾಗಾಗಿ ನಮಗೆ ಈ ಪೆಟ್ಟು ತಾಗದು. ಬೂಸ್ಟಿನ ಗೋಡೆ ಬೇರೆ ಸಾಮಗ್ರಿಯದು, ಹಾಗಾಗಿ ಅದು ತನ್ನ ವಿಷಕ್ಕೆ ತಾನೇ ಬಲಿಯಾಗದು. ವೈರಸ್‌ಗೂ ಆ ಗೋಡೆ ಇಲ್ಲ. ನೆಗಡಿಗೆ ಆ್ಯಂಟಿಬಯೋಟಿಕ್ ಕೇಳಬೇಡಿ ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದು.

ಅದೇ ಉಗ್ರಾಣದಿಂದ ಇನ್ನಷ್ಟು

ಒಂದು ಬೂಸ್ಟಿನಲ್ಲಿ ಇಷ್ಟು ಸಿಕ್ಕಿದರೆ ಉಳಿದವುಗಳಲ್ಲಿ ಏನಿದೆಯೋ ಎಂದು ಜನ ಹುಡುಕಿದರು. ಸಾರ್ಡೀನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಚರಂಡಿ ನೀರು ಸಮುದ್ರ ಸೇರುವ ಜಾಗದ ಬೂಸ್ಟನ್ನು 1945ರಲ್ಲಿ ಪರೀಕ್ಷಿಸಿದ. ಬ್ಯಾಕ್ಟೀರಿಯಾ ಕೊಲ್ಲುವ ಸೆಫಲೋಸ್ಪೋರಿನ್ ಔಷಧಗಳ ಇಡೀ ಬಳಗ ಅಲ್ಲಿಂದ ಬಂತು. ನಾರ್ವೆಯ ಪ್ರಸ್ಥಭೂಮಿಯ ಮಣ್ಣಿನ ಬೂಸ್ಟು ಸೈಕ್ಲೋಸ್ಪೋರಿನ್ ಕೊಟ್ಟಿತು. ಬೇರೆಯವರ ಮೂತ್ರಪಿಂಡವನ್ನೋ ಹೃದಯವನ್ನೋ ದೇಹ ತಿರಸ್ಕರಿಸದಂತೆ ತಡೆಯುವ ಔಷಧ ಅದು.

ಜಪಾನಿನ ಅಕಿರಾ ಎಂಡೋ ಯೋಚಿಸಿದ ದಾರಿ ನನಗೆ ಬಹಳ ಇಷ್ಟ. ಹಲವು ಸೂಕ್ಷ್ಮಜೀವಿಗಳಿಗೆ ಬದುಕಲು ಕೊಲೆಸ್ಟರಾಲ್‌ನಂಥ ವಸ್ತು ಬೇಕು. ಹಾಗಿದ್ದರೆ ಎದುರಾಳಿ ಅದನ್ನು ತಯಾರಿಸಲಾಗದಂತೆ ಮಾಡುವ ಅಸ್ತ್ರ ಯಾವುದಾದರೂ ಬೂಸ್ಟಿನ ಬಳಿ ಇರಲೇಬೇಕು ಎಂದು ಅವರು ಊಹಿಸಿದರು. ಸಾವಿರಾರು ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆ 1973ರಲ್ಲಿ ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೂಸ್ಟಿನಲ್ಲಿ ಅದು ಸಿಕ್ಕಿತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧಗಳಲ್ಲಿ ಮೊದಲನೆಯದು ಅದೇ. ಹೃದಯಾಘಾತ ತಡೆಯಲು ಇಂದು ಕೋಟ್ಯಂತರ ಜನ ನುಂಗುವ ಮಾತ್ರೆಗಳ ಬೇರು ಅಲ್ಲಿದೆ.

ಹುಳಿ ಸುರಿಸಿ ತಟ್ಟೆ ಕಾಯುವ ಬೂಸ್ಟನ್ನು ಹೇಳಿದೆನಲ್ಲ, ಆಸ್ಪರ್ಜಿಲಸ್ ನೈಗರ್ ಅಂಥದ್ದು. ಸಕ್ಕರೆ ಧಾರಾಳವಾಗಿ ಕೊಟ್ಟು ಕೆಲವು ಲೋಹಾಂಶಗಳನ್ನು ಕಡಿಮೆ ಮಾಡಿದರೆ ಅದು ಸಿಟ್ರಿಕ್ ಆಮ್ಲವನ್ನು ಸುರಿಸುತ್ತಲೇ ಇರುತ್ತದೆ. ಈ ಬೂಸ್ಟು ಸಕ್ಕರೆಯಿಂದ ಸಿಟ್ರಿಕ್ ಆಮ್ಲವನ್ನು ಧಾರಾಳವಾಗಿ ಕೊಡಬಲ್ಲದು ಎಂದು ಜೇಮ್ಸ್ ಕರಿ 1917ರಲ್ಲಿ ತೋರಿಸಿದ. ಅಲ್ಲಿಯವರೆಗೆ ಸಿಟ್ರಿಕ್ ಆಮ್ಲ ಬರುತ್ತಿದ್ದದ್ದು ನಿಂಬೆಹಣ್ಣಿನಿಂದ. ಇಂದು ತಂಪು ಪಾನೀಯದ ಬಾಟಲಿಯ ಮೇಲೆ ಸಿಟ್ರಿಕ್ ಆಮ್ಲ ಎಂದಿದ್ದರೆ ಅದು ಹೆಚ್ಚುಕಡಿಮೆ ಬೂಸ್ಟಿನ ದುಡಿಮೆಯೇ.

ಎರಡನೇ ಮಹಾಯುದ್ಧದಲ್ಲಿ ಸಾಲೋಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಸಾಮಾನುಗಳು ಕೊಳೆತು ಹರಿಯುತ್ತಿದ್ದವು. ಹುಡುಕಿದಾಗ ಸಿಕ್ಕ ಅಪರಾಧಿ ಒಂದು ಟ್ರೈಕೋಡರ್ಮಾ. ಸೆಲ್ಯುಲೋಸ್ ಕತ್ತರಿಸುವುದರಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ. ಡೇರೆ ತಿಂದ ಅದೇ ಬೂಸ್ಟಿನ ಸಂತತಿ ಇಂದು ಕೃಷಿ ತ್ಯಾಜ್ಯದಿಂದ ಇಂಧನ ತೆಗೆಯಲು, ಜೀನ್ಸ್ ಬಟ್ಟೆ ಮೆದುಗೊಳಿಸಲು ಕಿಣ್ವ ಒದಗಿಸುತ್ತಿದೆ.

ಆಹಾರದಲ್ಲೂ ಬೂಸ್ಟಿನ ಹೊರಗಿನ ಜಠರವನ್ನೇ ನಾವು ಬಳಸಿಕೊಳ್ಳುವುದು. ರೋಕ್‌ಫೋರ್ ಚೀಸ್‌ನ ನೀಲಿ ಗೆರೆಗಳಲ್ಲಿರುವ ಪೆನಿಸಿಲಿಯಂ ಹಾಲಿನ ಕೊಬ್ಬನ್ನು ಒಡೆದು ಆ ಖಾರದ ಘಮ ಕೊಡುತ್ತದೆ. ಜಪಾನಿನಲ್ಲಿ ಆಸ್ಪರ್ಜಿಲಸ್ ಒರೈಜೇ ಎಂಬ ಬೂಸ್ಟನ್ನು ಅಕ್ಕಿ, ಗೋಧಿ, ಸೋಯಾ ಮೇಲೆ ಬೆಳೆಸುತ್ತಾರೆ. ಪಿಷ್ಟ ಸಕ್ಕರೆಯಾಗಿ, ಪ್ರೋಟೀನ್ ಅಮೈನೋ ಆಮ್ಲವಾಗಿ, ಸೋಯಾ ಸಾಸ್, ಮಿಸೋ ಎಂಬ ಸೋಯಾ ಗೊಜ್ಜು, ಸಾಕೆ ಎಂಬ ಅಕ್ಕಿಯ ಮದ್ಯ ತಯಾರಾಗುತ್ತವೆ.

ಪಕ್ಕದ ಮನೆಯ ವಿಷ

ಈ ಒರೈಜೇ ಮನುಷ್ಯ ಶತಮಾನಗಳ ಕಾಲ ಪಳಗಿಸಿದ ಬೂಸ್ಟು. ಅದರ ಕಾಡು ಮೂಲ ಆಸ್ಪರ್ಜಿಲಸ್ ಫ್ಲೇವಸ್. ಎರಡರ ವಂಶವಾಹಿಗಳಲ್ಲಿ ವ್ಯತ್ಯಾಸ ಬಹಳ ಕಡಿಮೆ. ಆದರೆ ಪಳಗಿದ್ದು ವಿಷ ಮಾಡುವ ಶಕ್ತಿ ಕಳೆದುಕೊಂಡಿದೆ, ಕಾಡಿನದ್ದು ಉಳಿಸಿಕೊಂಡಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ ಅದನ್ನು ಟರ್ಕಿ ಎಕ್ಸ್ ರೋಗ ಎಂದರು. ಕೊನೆಗೆ ಬೆರಳು ತೋರಿಸಿದ್ದು ಮೇವಿನಲ್ಲಿದ್ದ, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯ ಕಡೆಗೆ. ಅದರಲ್ಲಿದ್ದ ಫ್ಲೇವಸ್ ಬೂಸ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿನ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು ಅದು. ಕಡಲೆಕಾಯಿ, ಮೆಕ್ಕೆಜೋಳಗಳನ್ನು ಚೆನ್ನಾಗಿ ಒಣಗಿಸದೆ ಇಟ್ಟಾಗ ಸೇರಿಕೊಳ್ಳುತ್ತದೆ. ಬೇಯಿಸಿದರೆ, ಹುರಿದರೆ ಬೂಸ್ಟು ಸಾಯುತ್ತದೆ, ವಿಷದ ಹೆಚ್ಚಿನ ಪಾಲು ಹಾಗೇ ಉಳಿಯುತ್ತದೆ. ಹಸು ತಿಂದರೆ ರೂಪ ಬದಲಿಸಿ ಹಾಲಿಗೂ ಬರುತ್ತದೆ. ತಡೆಯುವ ದಾರಿ ಕೊಯ್ಲಾದ ಕೂಡಲೇ ಒಣಗಿಸುವುದು, ಒಣಗಿದ್ದನ್ನು ತೇವ ತಾಗದಂತೆ ಇಡುವುದು.

ಬೂಸ್ಟು ಬಂದ ಭಾಗವನ್ನು ಚಿವುಟಿ ಉಳಿದದ್ದನ್ನು ತಿನ್ನಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬ್ರೆಡ್, ಮೆತ್ತನೆಯ ಹಣ್ಣು, ಜಾಮ್, ಬೇಯಿಸಿದ ಆಹಾರವಾದರೆ ಬೇಡ. ಮೇಲೆ ಕಾಣುವುದು ಬೀಜಕ ಮಾತ್ರ, ಎಳೆಗಳು ಎಷ್ಟು ಆಳಕ್ಕೆ ಇಳಿದಿವೆ ಎಂದು ಕಣ್ಣಿಗೆ ಗೊತ್ತಾಗದು. ಗಟ್ಟಿ ಚೀಸ್‌ನಂಥದ್ದರಲ್ಲಿ ಎಳೆ ಸುಲಭವಾಗಿ ಒಳಹೋಗದು. ಸುತ್ತಲೂ ಎರಡೂವರೆ ಸೆಂಟಿಮೀಟರ್‌ನಷ್ಟು ಧಾರಾಳವಾಗಿ ಕತ್ತರಿಸಿ ತೆಗೆದರೆ ಉಳಿದದ್ದನ್ನು ಬಳಸಬಹುದು. ಮೂಸಿ ನೋಡುವುದು ಯಾವತ್ತೂ ಬೇಡ, ಬೀಜಕಗಳು ನೇರ ಶ್ವಾಸಕೋಶಕ್ಕೆ ಹೋಗುತ್ತವೆ.

ಹಾಗೆಂದು ಪ್ರತಿ ಬೀಜಕಕ್ಕೂ ಹೆದರಬೇಕಿಲ್ಲ. ಆಸ್ಪರ್ಜಿಲಸ್ ಫ್ಯೂಮಿಗೇಟಸ್‌ನ ಬೀಜಕಗಳನ್ನು ನಾವು ದಿನವೂ ಉಸಿರಾಡುತ್ತೇವೆ, ನಮ್ಮ ಬಿಳಿ ರಕ್ತಕಣಗಳು ಅವುಗಳನ್ನು ಸದ್ದಿಲ್ಲದೆ ನುಂಗಿಹಾಕುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಅಂಗ ಕಸಿ ಆದವರಿಗೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇರುವವರಿಗೆ ಆ ಕಾವಲು ಕುಂದಿರುತ್ತದೆ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ, ಕಪ್ಪು ಶಿಲೀಂಧ್ರ ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಬಂದದ್ದು ಜಾಡಿಯಲ್ಲಿ ಕಂಡ ರೈಜೋಪಸ್ ಮತ್ತು ಅದರ ಬಳಗದಿಂದ. ಆ ಕಪ್ಪು ಬಣ್ಣ ಶಿಲೀಂಧ್ರದ್ದಲ್ಲ. ಎಳೆಗಳು ರಕ್ತನಾಳದೊಳಗೆ ನುಗ್ಗಿ ರಕ್ತ ಹರಿಯುವುದು ನಿಂತಾಗ ಸತ್ತ ಅಂಗಾಂಶದ ಬಣ್ಣ ಅದು.

ಇಂಥ ಸೋಂಕಿಗೆ ಔಷಧ ಕಷ್ಟವೇಕೆ? ಆಗ ಹೇಳಿದ ನೆಂಟಸ್ತಿಕೆ ಇಲ್ಲಿ ಅಡ್ಡ ಬರುತ್ತದೆ. ಬ್ಯಾಕ್ಟೀರಿಯಾ ನಮಗೆ ಬಹಳ ದೂರದ ಜೀವಿ, ಅದಕ್ಕೆ ಮಾತ್ರ ತಾಗುವ ಪೆಟ್ಟು ಹುಡುಕುವುದು ಸುಲಭ. ಶಿಲೀಂಧ್ರದ ಕೋಶ ಬಹುಮಟ್ಟಿಗೆ ನಮ್ಮ ಕೋಶದಂತೆಯೇ ನಡೆಯುತ್ತದೆ. ಅದನ್ನು ಕೊಲ್ಲುವುದು ನಮ್ಮನ್ನೂ ನೋಯಿಸುತ್ತದೆ. ಉಳಿದಿರುವ ಕೆಲವೇ ವ್ಯತ್ಯಾಸಗಳ ಮೇಲೆ ಔಷಧಗಳು ನಿಂತಿವೆ. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್ ಇರುವ ಕಡೆ ಅವುಗಳಲ್ಲಿ ಎರ್ಗೋಸ್ಟೆರಾಲ್ ಇದೆ. ಅದಕ್ಕೆ ಗುರಿಯಿಡುವ ಅಜೋಲ್ ಎಂಬ ಗುಂಪಿನ ರಾಸಾಯನಿಕಗಳನ್ನು ಬೆಳೆಗಳಿಗೂ ಸಿಂಪಡಿಸುತ್ತಾರೆ. ಹೊಲದಲ್ಲೇ ಅದಕ್ಕೆ ಒಗ್ಗಿಕೊಂಡ ಫ್ಯೂಮಿಗೇಟಸ್ ಆಸ್ಪತ್ರೆಗೆ ಬಂದಾಗ ಮಾತ್ರೆಗೂ ಬಗ್ಗದಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ.

ಗೋಡೆಯ ಬೂಸ್ಟಿನದೂ ನೀರಿನದೇ ಲೆಕ್ಕ. ಸೋರುವ ಕೊಳವೆ, ಗಾಳಿಯಾಡದ ಬಚ್ಚಲು, ತೇವ ಏರುವ ಗೋಡೆ ಇರುವವರೆಗೆ ಎಷ್ಟು ಒರೆಸಿದರೂ ಮರಳುತ್ತದೆ. ಮೇಲೆ ಬಣ್ಣ ಬಳಿದರೆ ಹಿಂದೆಯೇ ಬೆಳೆಯುತ್ತದೆ. ಸತ್ತ ಬೀಜಕ ಕೂಡ ಉಬ್ಬಸ, ಅಲರ್ಜಿ ಇರುವವರನ್ನು ಕಾಡಬಲ್ಲದು. ಒದ್ದೆಯಾದದ್ದು ಒಂದೆರಡು ದಿನದೊಳಗೆ ಒಣಗಿದರೆ ಬೀಜಕಕ್ಕೆ ಮೊಳೆಯಲು ಸಮಯ ಸಿಗುವುದಿಲ್ಲ.

ಜಾಡಿಗೆ ಬರೋಣ. ಹತ್ತನೆಯ ದಿನಕ್ಕೆ ಬ್ರೆಡ್ ಕುಗ್ಗಿ ಕುಸಿದಿದೆ, ಗಾಜಿನ ಒಳಮೈ ತುಂಬ ನೀರಹನಿಗಳು. ನಾವು ಹಾಕಿದ್ದು ನಾಲ್ಕೇ ಹನಿ. ಹೆಚ್ಚಿನದು ಬ್ರೆಡ್ಡಿನಲ್ಲೇ ಇದ್ದ ತೇವ. ಅದರೊಳಗೆ ಒಂದು ಪಾಲು ಮಾತ್ರ ಮೊದಲು ನೀರೇ ಆಗಿರಲಿಲ್ಲ, ಪಿಷ್ಟವಾಗಿತ್ತು. ಬೂಸ್ಟು ಅದನ್ನು ಸಕ್ಕರೆ ಮಾಡಿ, ಉಸಿರಾಡಿ, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟಿದೆ. ಮುಚ್ಚಳ ತೆರೆಯದೆ ಜಾಡಿ ಸಮೇತ ಚೀಲದಲ್ಲಿ ಕಟ್ಟಿ ಎಸೆಯಿರಿ.